ಅರಳುಮರಳಿನ ವಯಸ್ಸೆಷ್ಟು?

ಕನ್ನಡದ ಜೋಡುಮಾತುಗಳಲ್ಲಿ ಒಂದು ಪಂಗಡವಿದೆ: ಅಕ್ಕಪಕ್ಕ, ಅದಲುಬದಲು, ಅಲ್ಲೋಲಕಲ್ಲೋಲ. ಮೊದಲ ತುಂಡು ಅಕಾರದಿಂದ ಶುರುವಾಗುತ್ತದೆ, ಅರ್ಥದ ಭಾರವೆಲ್ಲ ಎರಡನೆಯದರ ಹೆಗಲ ಮೇಲೆ. ಪಕ್ಕ ಎಂದರೇನೆಂದು ಎಲ್ಲರಿಗೂ ಗೊತ್ತು. ಅದರ ಮುಂದೆ ನಿಂತ ‘ಅಕ್ಕ’ ಯಾರ ಅಕ್ಕನೂ ಅಲ್ಲ. ಬದಲಿಗೆ ಅರ್ಥವುಂಟು, ಅದಲಿಗೆ ಇಲ್ಲ. ಕಲ್ಲೋಲವೆಂದರೆ ದೊಡ್ಡ ಅಲೆ, ಅಲ್ಲೋಲ ಬಾಯಿಯ ರುಚಿಗೆ ಸೇರಿಕೊಂಡದ್ದು. ಅರಳುಮರಳನ್ನೂ ಇದೇ ಸಾಲಿನಲ್ಲಿಟ್ಟು ನೋಡಿದರೆ ಗುಟ್ಟು ಬಿಡುತ್ತದೆ. ಅದರ ಜೀವ ಎರಡನೆಯ ತುಂಡಿನಲ್ಲಿದೆ, ಆ ತುಂಡು ಮೂಲದಲ್ಲಿ ಮರುಳು. ನಡುವಿನ ಉಕಾರ ಮಾತಿನಲ್ಲಿ ನಿಲ್ಲುವುದಿಲ್ಲ. ಜಯನಗರದ ಯಾವುದೇ ಮನೆಯಲ್ಲಿ ಕಿವಿಗೊಟ್ಟು ಕೇಳಿ, ‘ಅಜ್ಜಿಗೆ ಸ್ವಲ್ಪ ಅರ್ಳುಮರ್ಳು’ ಎನ್ನುತ್ತಾರೆಯೇ ಹೊರತು ಮೂರೂ ಅಕ್ಷರ ಬಿಡಿಸಿ ಯಾರೂ ಹೇಳುವುದಿಲ್ಲ. ಮರ್ಳು ಎಂದಾಗ ಅದು ಮರುಳೋ ಮರಳೋ ಎಂದು ಬೇರ್ಪಡಿಸುವ ಕೆಲಸ ಬರವಣಿಗೆಯದು, ಬರವಣಿಗೆ ಮರಳನ್ನು ಆರಿಸಿಕೊಂಡಿತು.

ಈ ಮರುಳು ಸಣ್ಣ ಆಸಾಮಿಯಲ್ಲ. ಹಳಗನ್ನಡದಲ್ಲಿ ಮರುಳ್ ಎಂದರೆ ರಣಭೂಮಿಯ ಪಿಶಾಚಿ. 10ನೇ ಶತಮಾನದ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆದುಹೋಗುವಾಗ ಸುತ್ತ ಕುಣಿಯುವುದು ಈ ಮರುಳುಗಳೇ. ಮನುಷ್ಯನನ್ನು ಹಿಡಿದಾಡಿಸುವುದಕ್ಕೂ ಮರುಳು ಎಂದೇ ಹೆಸರು, ಹಿಡಿತಕ್ಕೆ ಸಿಕ್ಕವನ ಸ್ಥಿತಿಗೂ ಅದೇ. ತಮಿಳಿನಲ್ಲಿ ಅದು ದಿಗ್ಭ್ರಮೆ. ತೆಲುಗಿಗೆ ಹೋದರೆ ‘ಮರುಲು’ ಮೋಹವಾಗುತ್ತದೆ, ಪ್ರೇಮಿಗಳ ಮಾತಾಗುತ್ತದೆ. ನಮ್ಮಲ್ಲೂ ‘ಮರುಳು ಮಾಡಿದ’, ‘ಮರುಳಾದಳು’ ಎಂಬಲ್ಲಿ ಆ ಸಿಹಿ ಇನ್ನೂ ಉಳಿದಿದೆ. ‘ಜನ ಮರುಳೋ ಜಾತ್ರೆ ಮರುಳೋ’ ಎಂಬಲ್ಲಿ ಬುದ್ಧಿ ಕೈಕೊಟ್ಟವರ ಗುಂಪೇ ಇದೆ.

ನನಗೆ ಹೆಚ್ಚು ಹಿಡಿಸುವುದು ಈ ಪದಕ್ಕೆ ಸಿಕ್ಕ ಗೌರವ. ಹುಚ್ಚಪ್ಪ ಎಂಬ ಹೆಸರು ನಮ್ಮಲ್ಲಿದೆ, ಅದು ಹರಕೆಯ ಹೆಸರು. ಮರುಳಪ್ಪ, ಮರುಳಸಿದ್ದಪ್ಪ, ಮರುಳಾರಾಧ್ಯ ಎಂಬವು ಹೆಮ್ಮೆಯ ಹೆಸರುಗಳು. ಕೊಟ್ಟೂರಿನ ಹತ್ತಿರದ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿಯೇ ಇದೆ. ಕಲ್ಯಾಣದಲ್ಲಿ ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಮರುಳನಂತೆ ಇದ್ದುಬಿಟ್ಟ ಮರುಳಶಂಕರದೇವನಿಗೆ ‘ಶೂನ್ಯಸಂಪಾದನೆ’ ಒಂದು ಅಧ್ಯಾಯವನ್ನೇ ಕೊಟ್ಟಿದೆ. ದಕ್ಷಿಣ ಬೆಂಗಳೂರಿನ ಬಸವನಗುಡಿಯಲ್ಲಿ ಬಾಳಿದ ಡಿ.ವಿ.ಜಿ. ತಮ್ಮ ಕಗ್ಗಕ್ಕೆ ಇಟ್ಟುಕೊಂಡ ಎರಡು ವೇಷಗಳನ್ನು ನೋಡಿ. 1943ರಲ್ಲಿ ಮಂಕುತಿಮ್ಮ, ಆಮೇಲಿನದರಲ್ಲಿ ಮರುಳಮುನಿಯ. ಒಬ್ಬನಿಗೆ ಬುದ್ಧಿ ಮಂದ, ಇನ್ನೊಬ್ಬನಿಗೆ ಬುದ್ಧಿ ಪಲ್ಲಟ. ನಾಡಿನ ವಿವೇಕವೆಲ್ಲ ಇವರಿಬ್ಬರ ಬಾಯಲ್ಲಿ. ಬುದ್ಧಿ ಹೋದವನನ್ನು ಕನ್ನಡ ಪೂರ್ತಿ ಹೊರಗೆ ನಿಲ್ಲಿಸಿದ್ದು ಕಡಿಮೆ. ಪಡಸಾಲೆಯಲ್ಲೇ ಒಂದು ಚಾಪೆ ಹಾಕಿಕೊಟ್ಟಿದೆ.

ಹಾಗಾದರೆ ಈ ಮರುಳು ಮುದುಕರ ಪಾಲಿಗೆ ಮೀಸಲಾದದ್ದು ಹೇಗೆ? ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯ ದೆಸೆಯಿಂದ. ಅರವತ್ತೇ ಯಾಕೆ? ಪ್ರಾಸ ಒಂದು ಕಾರಣ: ಅರವತ್ತು, ಅರಳು. ಲೆಕ್ಕ ಇನ್ನೊಂದು. ನಮ್ಮ ಸಂವತ್ಸರಗಳು ಪ್ರಭವದಿಂದ ಅಕ್ಷಯದವರೆಗೆ ಅರವತ್ತು. ಅರವತ್ತು ತುಂಬಿದವನ ಪಾಲಿಗೆ ಹುಟ್ಟಿದ ಸಂವತ್ಸರ ತಿರುಗಿ ಬರುತ್ತದೆ, ಅದಕ್ಕೇ ಷಷ್ಟಿಪೂರ್ತಿ ಶಾಂತಿ, ಮತ್ತೊಮ್ಮೆ ತಾಳಿ ಕಟ್ಟುವುದು. ಒಂದು ಸುತ್ತು ಮುಗಿಸಿ ಮತ್ತೆ ಮಗುವಾದ ಎಂಬ ಭಾವನೆ ಆ ವಯಸ್ಸಿಗೆ ಮೊದಲೇ ಅಂಟಿಕೊಂಡಿತ್ತು. ಜೊತೆಗೆ ಆಗ ಅರವತ್ತು ಕಂಡವರೇ ವಿರಳ. ಸ್ವಾತಂತ್ರ್ಯ ಬಂದಾಗ ಈ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 32ರ ಆಸುಪಾಸು. ಅಂಥ ಕಾಲದಲ್ಲಿ ಊರಿಗೆ ಇಬ್ಬರೋ ಮೂವರೋ ಮುದುಕರು, ಅವರಲ್ಲಿ ಒಬ್ಬರು ಊಟ ಮಾಡಿದ್ದನ್ನು ಮರೆತರೆ ಗಾದೆ ಹುಟ್ಟಲು ಅಷ್ಟು ಸಾಕು.

ಇಲ್ಲಿಂದ ಮುಂದೆ ಪದ ತನ್ನ ಹಾದಿ ಬಿಟ್ಟು ಹೊರಳಿತು. ‘ಅರಳು ಮರಳು’ ಎಂದು ಬರೆದಾಗ ಕನ್ನಡದ ಕಿವಿ ಸುಮ್ಮನಿರಲಿಲ್ಲ. ಅರಳು ಎಂದರೆ ಹೂವು ಬಿರಿಯುವುದು, ಮರಳು ಎಂದರೆ ಹಿಂದಿರುಗುವುದು. ಬೆನ್ನಿಗೆ ಭೂತ ಕಟ್ಟಿಕೊಂಡು ಹುಟ್ಟಿದ ಮಾತಿಗೆ ಹೀಗೆ ಹೂವು ಮುಡಿಸಿದಂತಾಯಿತು. ಇದನ್ನು ಕಂಡು ಸುಮ್ಮನಿರುವವರೇ ಬೇಂದ್ರೆ? 1896ರ ಜನವರಿಯಲ್ಲಿ ಹುಟ್ಟಿದ ಅವರಿಗೆ 1956ಕ್ಕೆ ಅರವತ್ತು. ಅದರ ಬೆನ್ನಲ್ಲೇ ಬಂದ ಅವರ ಕಾವ್ಯ ಸಂಪುಟದ ಹೆಸರು ‘ಅರಳು ಮರಳು’. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅರವತ್ತು ದಾಟಿದ ಕವಿ ತನ್ನ ಮೇಲೆ ಊರು ಹೇಳಬಹುದಾದ ಚಾಡಿಯನ್ನು ತಾನೇ ಶೀರ್ಷಿಕೆ ಮಾಡಿಕೊಂಡರೆ ಚಾಡಿಗೆ ಉಳಿಯುವುದೇನು? ಭಾಷಾಶಾಸ್ತ್ರದ ಕಣ್ಣಿನಲ್ಲಿ ಅರಳು–ಮರಳು ಎಂಬ ಬಿಡಿಕೆ ತಪ್ಪೇ ಇರಬಹುದು. ಆದರೆ ಜನ ನೂರಾರು ಸಲ ತಪ್ಪಾಗಿ ಕೇಳಿಸಿಕೊಂಡದ್ದು ಆ ಪದದ ಅರ್ಥವೇ ಆಗಿಬಿಡುತ್ತದೆ. ನಿಘಂಟುಕಾರರು ಇದನ್ನು ಗೊಣಗುತ್ತಲೇ ಒಪ್ಪುತ್ತಾರೆ.

ನಿಘಂಟುಕಾರರ ಮಾತು ಬಂತಲ್ಲ, ಈ ಗಾದೆಯನ್ನು ತಮ್ಮ ಬದುಕಿನಿಂದಲೇ ಸುಳ್ಳು ಮಾಡಿದವರು ಜಯನಗರದ ನಿವಾಸಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು. 1913ರ ಆಗಸ್ಟ್ 23ರಂದು ಹುಟ್ಟಿ 2021ರ ಏಪ್ರಿಲ್‌ನಲ್ಲಿ, 107 ತುಂಬಿದ ಮೇಲೆ ತೀರಿಕೊಂಡರು. ವಿಜಯಾ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ, ಗಾದೆಯ ಪ್ರಕಾರ ಅರಳುಮರಳು ಶುರುವಾಗಬೇಕಿದ್ದ ವಯಸ್ಸಿನಲ್ಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಕೆಲಸ ಮುಂದುವರಿಸಿದರು. ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಹಿಡಿದದ್ದು ಎಂಬತ್ತರ ಹೊಸ್ತಿಲಿನಲ್ಲಿ. ವಾರವಾರವೂ ಓದುಗರು ಪದ ಕೇಳುವುದು, ಇವರು ಮೂಲ ಹುಡುಕಿ ಉತ್ತರಿಸುವುದು. 2011ರಲ್ಲಿ ಬೆಂಗಳೂರಿನಲ್ಲೇ ನಡೆದ 77ನೇ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ವಯಸ್ಸು 97. ಒಂದು ಪದ ಯಾವ ಕಾವ್ಯದಲ್ಲಿ ಯಾವ ರೂಪದಲ್ಲಿ ಬಂದಿದೆ ಎಂಬುದನ್ನು ನೂರು ದಾಟಿದ ಮೇಲೂ ನೆನಪಿನಿಂದ ಹೇಳಬಲ್ಲವರಾಗಿದ್ದರು.

ಅವರೊಬ್ಬರು ಅಪವಾದ ಎಂದು ತಳ್ಳಿಹಾಕುವ ಹಾಗಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಡಿಮೆನ್ಷಿಯಾ, ಅಂದರೆ ನೆನಪು ಬುದ್ಧಿ ಕುಂದುತ್ತ ಹೋಗುವ ಕಾಯಿಲೆ, ಇರುವುದು ಸುಮಾರು ಶೇಕಡಾ 7.4 ಮಂದಿಗೆ, ಲೆಕ್ಕದಲ್ಲಿ 88 ಲಕ್ಷ ಜನಕ್ಕೆ. ಸಂಖ್ಯೆ ದೊಡ್ಡದೇ. ಆದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಅದಿಲ್ಲ. ಅರವತ್ತಾದರೆ ಅರಳುಮರಳು ಸಹಜ ಎಂಬ ಗಾದೆಯ ಕಾಲು ಇಲ್ಲಿಗೆ ಮುರಿಯಿತು.

ಪಶ್ಚಿಮದವರಿಗೂ ಇಂಥದೇ ಒಂದು ಗಾದೆಯಿತ್ತು ಎಂಬುದು ಸ್ವಾರಸ್ಯ; ಅವರದು ವೈದ್ಯಕೀಯ ಪುಸ್ತಕದೊಳಗೇ ಕೂತಿತ್ತು. ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ 1901ರಲ್ಲಿ ಆಗುಸ್ಟ ಡೇಟರ್ ಎಂಬ 51ರ ಹೆಂಗಸು ಬಂದರು. ಡಾಕ್ಟರ್ ಅಲೋಯಿಸ್ ಆಲ್ಜೈಮರ್ ಹೆಸರು ಬರೆಯಿರಿ ಎಂದರೆ ‘ಶ್ರೀಮತಿ’ ಎಂಬಲ್ಲಿಗೆ ಬರೆದು ಮುಂದಿನದು ಮರೆತು ನಿಂತರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಜೈಮರ್ ಮೆದುಳನ್ನು ಸೂಕ್ಷ್ಮದರ್ಶಕದಡಿ ನೋಡಿ, ನರಕೋಶಗಳ ನಡುವೆ ಕೂತ ಗಸಿ, ಒಳಗೆ ಕಗ್ಗಂಟಾದ ಎಳೆಗಳನ್ನು ವಿವರಿಸಿದರು. 1910ರಲ್ಲಿ ಮನೋವೈದ್ಯ ಕ್ರೇಪಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಆ ರೋಗಕ್ಕೆ ಆಲ್ಜೈಮರ್ ಹೆಸರಿಟ್ಟರು. ಆದರೆ ಆಗುಸ್ಟ ಅವರಿಗೆ ಇನ್ನೂ ಅರವತ್ತಾಗಿರಲಿಲ್ಲವಲ್ಲ! ಹಾಗಾಗಿ ಮುಂದಿನ ಆರೇಳು ದಶಕ, ನಡುವಯಸ್ಸಿನಲ್ಲಿ ಬಂದರೆ ಮಾತ್ರ ಅದು ಆಲ್ಜೈಮರ್, ಮುಪ್ಪಿನಲ್ಲಿ ಬಂದರೆ ಬರೀ ಮುಪ್ಪು ಎಂದು ಡಾಕ್ಟರುಗಳು ಕೈತೊಳೆದುಕೊಂಡರು. ಎರಡೂ ಒಂದೇ ರೋಗ, ಮುಪ್ಪಿನದೂ ರೋಗವೇ ಎಂದು ಅಮೆರಿಕದ ನರತಜ್ಞ ರಾಬರ್ಟ್ ಕಾಟ್ಸ್‌ಮನ್ ಗಟ್ಟಿಯಾಗಿ ಬರೆದದ್ದು 1976ರಲ್ಲಿ.

ರೋಗ ಎಂದ ಮೇಲೆ ಅದಕ್ಕೊಂದು ನಡಿಗೆ ಇರುತ್ತದೆ. ಆ ನಡಿಗೆಯನ್ನು ನೋಡಿದರೆ ತಪ್ಪಾಗಿ ಬರೆದ ‘ಮರಳು’ ಎಂಬ ಮಾತು ಎಷ್ಟು ಸರಿಯಾಗಿತ್ತು ಎಂದು ಬೆರಗಾಗುತ್ತದೆ.

ಮೆದುಳಿನೊಳಗೆ ಕೆಲಸ ಶುರುವಾಗುವುದು ಹೊರಗೆ ಕಾಣುವುದಕ್ಕಿಂತ ಹದಿನೈದು ಇಪ್ಪತ್ತು ವರ್ಷ ಮೊದಲೇ. ಆಗ ಮನುಷ್ಯ ಕೆಲಸಕ್ಕೆ ಹೋಗುತ್ತಿರುತ್ತಾನೆ, ಮಗಳ ಮದುವೆ ಮಾಡುತ್ತಿರುತ್ತಾನೆ. ಹೊರಗೆ ಎಷ್ಟೋ ಸಲ ಮೊದಲು ಕಾಣುವುದು ಪದಗಳಲ್ಲಿ. ‘ಆ ಇದು ಹಾಕು, ಅದೇ, ನೀರು ಕಾಸೋ ಅದು’ ಎಂದು ಗೀಸರ್ ಹೆಸರಿಗೆ ತಡಕಾಡುವುದು. ಹೆಸರು ಮರೆಯುವುದು ಎಲ್ಲರಿಗೂ ಉಂಟು. ಸ್ವಲ್ಪ ಹೊತ್ತಿಗೆ ‘ಅಯ್ಯೋ, ಗೀಸರ್’ ಎಂದು ನೆನಪಾಗುತ್ತದೆ. ಇಲ್ಲಿ ನೆನಪಾಗುವುದಿಲ್ಲ, ನೆನಪಾಗಲಿಲ್ಲ ಎಂಬುದೂ ನೆನಪಿರುವುದಿಲ್ಲ. ಅದೇ ಪ್ರಶ್ನೆ ಕಾಲು ಗಂಟೆಗೆ ನಾಲ್ಕು ಸಲ ಬರುತ್ತದೆ. ಬ್ಯಾಂಕಿನ ಲೆಕ್ಕ ತಪ್ಪುತ್ತದೆ, ಕರೆಂಟ್ ಬಿಲ್ ಎರಡು ಸಲ ಕಟ್ಟಿರುತ್ತದೆ, ಒಗ್ಗರಣೆಗೆ ಸಾಸಿವೆ ಎರಡು ಸಲ ಬಿದ್ದಿರುತ್ತದೆ. ಈ ಹಂತದಲ್ಲಿ ಮನೆಯವರ ಬಾಯಿಗೆ ತಟ್ಟನೆ ಬರುವ ಮಾತು, ‘ವಯಸ್ಸಾಯ್ತಲ್ಲ, ಅರಳುಮರಳು.’ ವರ್ಷ ಎರಡು ವರ್ಷ ಈ ಒಂದು ಮಾತಿನ ಆಸರೆಯಲ್ಲಿ ಕಳೆದುಹೋಗುತ್ತದೆ.

ಆಮೇಲೆ ದಾರಿ. ಜಯನಗರ ನಂಬರುಗಳ ಊರು. ನಾಲ್ಕನೇ ಬ್ಲಾಕು, ಹನ್ನೊಂದನೇ ಮೇನು, ಮೂವತ್ತೆರಡನೇ ಕ್ರಾಸು. ಜೆ.ಪಿ. ನಗರಕ್ಕೆ ಹೋದರೆ ಬ್ಲಾಕಿನ ಬದಲು ಫೇಸು, ಬನಶಂಕರಿಯಲ್ಲಿ ಸ್ಟೇಜು. ತಲೆ ನೆಟ್ಟಗಿರುವವರಿಗೆ ಇದು ಅನುಕೂಲ, ಲೆಕ್ಕ ಹಾಕಿಕೊಂಡು ಮನೆ ಹುಡುಕಬಹುದು. ಆದರೆ ಸಂಖ್ಯೆಗಳು ಕೈಬಿಡುವ ಕಾಯಿಲೆಯಲ್ಲಿ ಈ ಊರಿನಷ್ಟು ಕಷ್ಟದ್ದು ಇನ್ನೊಂದಿಲ್ಲ. ಎಲ್ಲ ಕ್ರಾಸೂ ಒಂದೇ ಥರ, ಎಲ್ಲ ಮೂಲೆಯಲ್ಲೂ ಒಂದು ಹೊಂಗೆ ಮರ, ಒಂದು ಕಾಂಡಿಮೆಂಟ್ಸ್. ಬೆಳಗಿನ ವಾಕಿಂಗಿಗೆಂದು ಮಾಧವನ್ ಪಾರ್ಕಿಗೆ ನಲವತ್ತು ವರ್ಷ ಹೋಗಿ ಬಂದವರು ಒಂದು ದಿನ ಒಂದು ಕ್ರಾಸು ಮುಂಚೆ ತಿರುಗಿದರೆ ಅಲ್ಲಿಗೆ ಮುಗಿಯಿತು. ಆಮೇಲಿನದು ಪೊಲೀಸ್ ಠಾಣೆ, ವಾಟ್ಸಾಪ್ ಗುಂಪು, ಪತ್ರಿಕೆಯ ‘ಕಾಣೆಯಾಗಿದ್ದಾರೆ’. ಆ ಪ್ರಕಟಣೆಗಳಿಗೆ ತಮ್ಮದೇ ಕನ್ನಡವಿದೆ: ಎತ್ತರ ಇಷ್ಟು, ದುಂಡು ಮುಖ, ಕಾಣೆಯಾದಾಗ ತೊಟ್ಟಿದ್ದ ಬಟ್ಟೆ ಇಂಥದು. ನಿರ್ದೇಶಕ ಹೇಮಂತ್ ರಾವ್ ಆ ಒಣ ಭಾಷೆಯಿಂದಲೇ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಹೆಸರು ಎತ್ತಿಕೊಂಡು 2016ರಲ್ಲಿ ಸಿನಿಮಾ ಮಾಡಿದರು. ಅನಂತನಾಗ್ ಅದರಲ್ಲಿ ಆಲ್ಜೈಮರ್ ಬಂದ ವೆಂಕೋಬರಾವ್. ಒಂದಿಡೀ ಬದುಕು ಬಾಳಿದವನನ್ನು ಹುಡುಕಲು ಹೊರಟಾಗ ಹೇಳಲು ಉಳಿಯುವ ಗುರುತು ನಾಲ್ಕೇ ಪದ. ಈ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಬಂದ ಅತಿ ಚುರುಕಾದ ವಾಕ್ಯ ಆ ಶೀರ್ಷಿಕೆಯೇ ಎಂದು ನನ್ನ ಎಣಿಕೆ.

ಈಗ ‘ಮರಳು’. ಫ್ರಾನ್ಸಿನ ತೆಯೊದೂಲ್ ರಿಬೋ 1881ರಲ್ಲೇ ಒಂದು ನಿಯಮ ಬರೆದಿಟ್ಟರು: ನೆನಪು ಅಳಿಯುವಾಗ ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ. ಹೊಸ ಸಂಗತಿಯನ್ನು ದಾಖಲು ಮಾಡಿಕೊಳ್ಳುವ ಮೆದುಳಿನ ಭಾಗ, ಹಿಪ್ಪೊಕ್ಯಾಂಪಸ್, ಆಲ್ಜೈಮರ್‌ನಲ್ಲಿ ಮೊದಮೊದಲೇ ಪೆಟ್ಟು ತಿನ್ನುತ್ತದೆ. ಬೆಳಿಗ್ಗೆ ಬಂದುಹೋದ ಮಗ ನೆನಪಿಲ್ಲ, 1962ರಲ್ಲಿ ಹಾಸನದ ಮನೆಯ ಹಿತ್ತಿಲಲ್ಲಿದ್ದ ಸೀಬೆಮರ ಎಲೆಎಲೆಯಾಗಿ ನೆನಪಿದೆ. ಬಿ.ಟಿ.ಎಂ. ಲೇಔಟ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳನ್ನು ಮಡಚಿ ಮೂರಕ್ಷರ ಮಾಡಿದ ಹೆಸರದು. ಅಲ್ಲೇ ಹುಟ್ಟಿ ಬೆಳೆದ ಅಜ್ಜನಿಗೆ ಈ ನಿಯಮದ ಪ್ರಕಾರ ಮೊದಲು ಕಳೆದುಹೋಗುವುದು ಆ ಮೂರಕ್ಷರ. ತಾವರೆಕೆರೆ ಉಳಿಯುತ್ತದೆ. ‘ತಾವರೆಕೆರೆಗೆ ಹೋಗ್ಬೇಕು’ ಎಂದು ಆತ ತಾವರೆಕೆರೆಯಲ್ಲೇ ನಿಂತು ಆಟೋದವನನ್ನು ಕೇಳಿದರೆ ಆಶ್ಚರ್ಯಪಡಬೇಕಿಲ್ಲ.

ಸಂಜೆಯಾಗುತ್ತಿದ್ದಂತೆ ಇದು ಜೋರಾಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಚಡಪಡಿಕೆ ಶುರು.

‘ಮನೆಗೆ ಹೋಗ್ತೀನಿ, ಕತ್ತಲಾಯ್ತು.’

‘ಅಮ್ಮಾ, ಇದೇ ಅಲ್ವಾ ನಿಮ್ಮನೆ.’

‘ಇದ್ಯಾವ ಮನೇನೇ? ನಮ್ಮಮ್ಮ ಕಾಯ್ತಿರ್ತಾಳೆ.’

ಹೇಳುತ್ತಿರುವವರಿಗೆ ಎಂಬತ್ತು, ಕಾಯುತ್ತಿರುವ ತಾಯಿ ತೀರಿಕೊಂಡು ಐವತ್ತು ವರ್ಷ. ವಾದ ಮಾಡಿದರೆ ಕೋಪ, ನಿಜ ಹೇಳಿದರೆ ಹೊಸದಾಗಿ ದುಃಖ. ಪಳಗಿದ ಸೊಸೆಯರು ‘ಹೂಂ ಅತ್ತೆ, ಕಾಫಿ ಕುಡ್ದು ಹೋಗೋಣ’ ಎನ್ನುತ್ತಾರೆ. ಕಾಫಿ ಬರುವಷ್ಟರಲ್ಲಿ ಮಾತು ಮರೆತಿರುತ್ತದೆ. ಯಾವ ತರಬೇತಿಯಲ್ಲೂ ಇದಕ್ಕಿಂತ ಒಳ್ಳೆಯ ಉಪಾಯ ಹೇಳಿಕೊಡುವುದಿಲ್ಲ.

ಅನುಮಾನವೂ ಕಾಯಿಲೆಯ ಈ ನಡುವಿನ ಹಂತದ್ದೇ. ಬಳೆಯನ್ನು ತಾವೇ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು, ಇಟ್ಟದ್ದು ಮರೆತು, ಕೆಲಸದವಳು ಕದ್ದಳು ಎನ್ನುತ್ತಾರೆ. ಬಚ್ಚಿಟ್ಟದ್ದರ ನೆನಪಿಲ್ಲದವರಿಗೆ ಕಳ್ಳತನವೇ ತರ್ಕಬದ್ಧ ಉತ್ತರ. ಪಾಪ, ಎಷ್ಟು ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಈ ತರ್ಕಕ್ಕೆ ಕೆಲಸ ಕಳೆದುಕೊಂಡಿದ್ದಾರೋ. ಲೂಯಿ ಬಾಡಿ ಎಂಬ ಇನ್ನೊಂದು ಬಗೆಯ ಡಿಮೆನ್ಷಿಯಾದಲ್ಲಿ ಇಲ್ಲದ ಮನುಷ್ಯರೂ ಮಕ್ಕಳೂ ಪ್ರಾಣಿಗಳೂ ಸ್ಪಷ್ಟವಾಗಿ ಕಣ್ಣಿಗೆ ಕಾಣುತ್ತವೆ. ಒಂದು ದಿನ ಮಂಕು, ಮಾರನೇ ದಿನ ಚುರುಕು. ರನ್ನನ ಮರುಳುಗಳು ಮತ್ತೆ ಬಂದವು ಎಂದುಕೊಳ್ಳಬೇಕು. ರಕ್ತನಾಳ ಕಟ್ಟಿ ಬರುವುದು ಮೆಟ್ಟಿಲಿಳಿದ ಹಾಗೆ, ಕೆಲಕಾಲ ಇದ್ದಲ್ಲೇ ಇದ್ದು ದಡಕ್ಕನೆ ಒಂದು ಮೆಟ್ಟಿಲು ಕೆಳಗೆ. ಮೆದುಳಿನ ಮುಂಭಾಗದಿಂದ ಶುರುವಾಗುವುದರಲ್ಲಿ ನೆನಪು ಚೆನ್ನಾಗಿಯೇ ಇರುತ್ತದೆ, ನಾಚಿಕೆ ಹೋಗುತ್ತದೆ. ಸಂಭಾವಿತ ಯಜಮಾನರು ಮದುವೆಮನೆಯಲ್ಲಿ ಅಪರಿಚಿತರ ಎಲೆಯಿಂದ ಹೋಳಿಗೆ ಎತ್ತಿಕೊಳ್ಳುತ್ತಾರೆ. ಮರೆವಿನ ರೋಗ ಎಂಬ ಹೆಸರು ಇಂಥವರಿಗೆ ಒಪ್ಪುವುದೇ ಇಲ್ಲ. ಹಳೆಯ ‘ಮರುಳು’ ಒಪ್ಪುತ್ತದೆ.

ನ್ಯೂಯಾರ್ಕಿನ ಬ್ಯಾರಿ ರೈಸ್‌ಬರ್ಗ್ ಆಲ್ಜೈಮರ್‌ನ ಇಳಿಜಾರನ್ನು ಏಳು ಹಂತವಾಗಿ ಗುರುತಿಸಿದರು. ಅವರ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಮಗು ಬೆಳೆಯುವ ಕ್ರಮ. ಮಗು ಮೊದಲು ಕತ್ತು ನಿಲ್ಲಿಸುತ್ತದೆ, ನಗುತ್ತದೆ, ಕೂರುತ್ತದೆ, ನಡೆಯುತ್ತದೆ, ಒಂದು ಮಾತು, ಆಮೇಲೆ ಆರೇಳು ಮಾತು, ಕಕ್ಕಸಿಗೆ ತಾನೇ ಹೋಗುವುದು, ತಾನೇ ಸ್ನಾನ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವುದು. ಕಾಯಿಲೆ ಇದನ್ನೇ ಹಿಂದುಮುಂದಾಗಿ ನಡೆಸುತ್ತದೆ: ಮೊದಲು ಚಿಲ್ಲರೆ, ಕೊನೆಗೆ ನಗು, ಕತ್ತು. ಮುಪ್ಪು ಎರಡನೇ ಬಾಲ್ಯ ಎಂದು ಅಜ್ಜಿಯರು ಅಂದದ್ದು ಈ ಒಂದು ಅರ್ಥದಲ್ಲಿ ಶಾಸ್ತ್ರೀಯ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಮಗುವಿನ ಸ್ನಾನಕ್ಕೆ ಮನೆಯೆಲ್ಲ ನಗುತ್ತದೆ. ಮೇಷ್ಟ್ರಾಗಿದ್ದ ಗಂಡಸಿಗೆ ಮಗ ಸ್ನಾನ ಮಾಡಿಸುವಾಗ ಇಬ್ಬರೂ ಗೋಡೆ ನೋಡುತ್ತಾರೆ. ಹಾಗಾಗಿ ಅವರನ್ನು ‘ಪುಟ್ಟಾ’ ಎಂದು ಮುದ್ದುಮಾತಿನಲ್ಲಿ ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಅಪ್ಪನೇ, ಅಮ್ಮನೇ. ಬಹುವಚನ ಅವರಿಗೆ ಸಲ್ಲಬೇಕು.

ಹೆಸರು, ಲೆಕ್ಕ, ದಾರಿ ಎಲ್ಲ ಹೋದ ಮೇಲೂ ಕೈಯ ನೆನಪು ಉಳಿದಿರುತ್ತದೆ. ಅದರ ಉಗ್ರಾಣ ಮೆದುಳಿನಲ್ಲಿ ಬೇರೆ. ಮಗಳ ಹೆಸರು ಗೊತ್ತಿಲ್ಲದ ಹೆಂಗಸಿನ ಮುಂದೆ ಮೊರದಲ್ಲಿ ಕಾಕಡ, ಪಕ್ಕದಲ್ಲಿ ನೆನೆಸಿದ ಬಾಳೆನಾರು ಇಟ್ಟು ನೋಡಿ. ಎಡಗೈ ಬೆರಳುಗಳ ನಡುವೆ ನಾರು ಹಿಡಿದು, ಎರಡು ಮೊಗ್ಗು ಈಚೆಗೆ, ಎರಡು ಆಚೆಗೆ, ಬಲಗೈ ಒಂದು ಕುಣಿಕೆ ತಿರುವಿ ಬಿಗಿಯುತ್ತದೆ. ಮತ್ತೆ ಎರಡು, ಮತ್ತೆ ಎರಡು. ಕಣ್ಣು ಎಲ್ಲೋ ಇರುತ್ತದೆ, ಮಾಲೆ ಮೊಳಕ್ಕೆ ಬರುತ್ತದೆ. ಹಾಗೆಯೇ ದೇವರನಾಮ. ಮಾತಿಗೆ ಪದ ಸಿಗದವರು ರಾಗಕ್ಕೆ ಪಲ್ಲವಿಯಿಂದ ಅಂಕಿತದವರೆಗೆ ತಪ್ಪದೆ ಹಾಡುತ್ತಾರೆ.

ಕೊನೆಯ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅನ್ನವನ್ನು ದವಡೆಯಲ್ಲಿಟ್ಟುಕೊಂಡು ನುಂಗುವುದನ್ನು ಮರೆತು ಕೂರುತ್ತಾರೆ. ಅದು ಉಸಿರಿನ ದಾರಿಗೆ ಇಳಿದು ನ್ಯುಮೋನಿಯಾ ಆಗುತ್ತದೆ. ಬಹಳ ಮಂದಿ ಹೋಗುವುದು ಅದರಿಂದಲೇ. ರೋಗ ಗೊತ್ತಾದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷ, ಕೆಲವರು ಇಪ್ಪತ್ತು ವರ್ಷ ಬದುಕುವುದೂ ಉಂಟು.

ಇಷ್ಟು ದೊಡ್ಡ ಸಂಗತಿಗೆ ಇಂದಿನ ಕನ್ನಡ ಇಟ್ಟಿರುವ ಹೆಸರುಗಳು ಯಾವುವು? ಪತ್ರಿಕೆಗಳಲ್ಲಿ ‘ಬುದ್ಧಿಮಾಂದ್ಯತೆ’ ಎಂದು ಬರುತ್ತದೆ. ಇದು ಕೆಟ್ಟ ಆಯ್ಕೆ. ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಬಳಸುತ್ತಿದ್ದ ಪದವದು. ಶಾಲೆಗಳ ಬೋರ್ಡಿನ ಮೇಲೆ ಇನ್ನೂ ಇದೆ. ಈ ಎರಡರ ಅಂತರವನ್ನು 1838ರಲ್ಲೇ ಫ್ರಾನ್ಸಿನ ಎಸ್ಕಿರೋಲ್ ಬಿಡಿಸಿ ಹೇಳಿದ್ದರು: ಒಬ್ಬ ಹುಟ್ಟಾ ಬಡವ, ಇನ್ನೊಬ್ಬ ಸಿರಿವಂತನಾಗಿದ್ದು ಎಲ್ಲ ಕಳೆದುಕೊಂಡವನು. ‘ಸ್ಮೃತಿಭ್ರಂಶ’ ಪಂಡಿತರ ಪದ. ಗೀತೆಯ ಎರಡನೇ ಅಧ್ಯಾಯದ 63ನೇ ಶ್ಲೋಕದಲ್ಲಿದೆ, ಆದರೆ ಅಲ್ಲಿ ಅದಕ್ಕೆ ಕಾರಣ ಕ್ರೋಧ. ಕಾಯಿಲೆಯವರ ಮೇಲೆ ಕ್ರೋಧದ ಆರೋಪ ಯಾಕೆ ಬೇಕು? ‘ಮರೆಗುಳಿ ರೋಗ’ ಎಂದರೆ ನಾಟಕದ ಮರೆಗುಳಿ ಪ್ರೊಫೆಸರು ಕಣ್ಣಮುಂದೆ ಬಂದು ನಗು ಬರುತ್ತದೆ. ಇನ್ನು ಲ್ಯಾಟಿನ್ನಿನಿಂದ ಬಂದ ‘ಡಿಮೆನ್ಷಿಯಾ’ ಮೂಲಾರ್ಥದಲ್ಲಿ ಮತಿಗೆಟ್ಟದ್ದು; ನಮ್ಮ ಕಿವಿಗೆ ಆ ಅರ್ಥ ಕೇಳಿಸದಿರುವುದೇ ಪುಣ್ಯ. ಜಪಾನಿನಲ್ಲಿ ದಡ್ಡತನವನ್ನು ಸೂಚಿಸುವ ಅಕ್ಷರಗಳಿದ್ದ ‘ಚಿಹೊ’ ಎಂಬ ಹೆಸರನ್ನು 2004ರಲ್ಲಿ ಸರ್ಕಾರವೇ ತೆಗೆದು, ಅರಿವಿನ ತೊಂದರೆ ಎಂಬರ್ಥದ ‘ನಿಂಚಿಶೊ’ ಎಂದು ಬದಲಿಸಿತು. ನಮ್ಮಲ್ಲಿ ಹೆಸರು ಬದಲಿಸಲು ಸರ್ಕಾರ ಬೇಕಿಲ್ಲ, ವರದಿಗಾರರು ಮನಸ್ಸು ಮಾಡಿದರೆ ಸಾಕು.

ಹೆಸರಿನ ಹೆದರಿಕೆ ಆಸ್ಪತ್ರೆಗೂ ಅಂಟಿದೆ. ಜಯನಗರದಿಂದ ಕೂಗಳತೆಯ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಕೂಡಿ ಆದ ಸಂಸ್ಥೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಪಕ್ಕದ ಬಡಾವಣೆಯವರು ಮಾತ್ರ ‘ಅಯ್ಯೋ, ನಿಮ್ಹಾನ್ಸಿಗಾ?’ ಎಂದು ಹಿಂಜರಿಯುತ್ತಾರೆ. ಅಲ್ಲಿ ಕೆಲಸ ಮಾಡುವ ನರತಜ್ಞೆ ಸುವರ್ಣಾ ಅಲ್ಲಾಡಿ ಅವರು ಹಿಂದೆ ಹೈದರಾಬಾದಿನಲ್ಲಿದ್ದಾಗ ಸಂಗಡಿಗರೊಂದಿಗೆ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಸಂಗತಿ ಈ ಭಾಗದವರು ಕೇಳಲೇಬೇಕಾದದ್ದು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಬಾರದವರಲ್ಲೂ. ಮನೆಯಲ್ಲಿ ತೆಲುಗೋ ತಮಿಳೋ, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷು, ತರಕಾರಿಯವನ ಹತ್ತಿರ ಉರ್ದು ಎಂದು ದಿನಕ್ಕೆ ಹತ್ತು ಸಲ ನಾಲಿಗೆ ಹೊರಳಿಸುವ ದಕ್ಷಿಣ ಬೆಂಗಳೂರಿಗೆ ಇದೊಂದು ಸಮಾಧಾನ. ಕಾಯಿಲೆ ಬಲಿತಾಗ ಕಲಿತ ಭಾಷೆ ಬಿಟ್ಟು ತಾಯಿನುಡಿಗೆ ಮರಳುವವರೂ ಇದ್ದಾರೆ. ಐವತ್ತು ವರ್ಷ ಕನ್ನಡದಲ್ಲೇ ಸಂಸಾರ ಮಾಡಿದ ಅತ್ತೆ ಇದ್ದಕ್ಕಿದ್ದಂತೆ ತುಳುವಿನಲ್ಲಿ ನೀರು ಕೇಳಿದರೆ ಸೊಸೆ ನಾಲ್ಕು ತುಳು ಮಾತು ಕಲಿಯಬೇಕಾಗುತ್ತದೆ.

ಡಾಕ್ಟರ ಮೇಜಿನ ಮೇಲಿನ ಪರೀಕ್ಷೆ ನೋಡಲು ಬಲು ಸರಳ. ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತಾರೆ. ವಾರಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎನ್ನುತ್ತಾರೆ. ಈ ಹತ್ತರಲ್ಲೇ ಕಿತಾಪತಿ ಇರುವುದು. ಕಾಯಿಲೆ ಇರುವವರು ಎಷ್ಟೋ ಸಲ ದೊಡ್ಡ ಮುಳ್ಳನ್ನು ಎರಡರ ಮೇಲಿಡದೆ ನೇರ ಹತ್ತರ ಮೇಲೇ ಇಡುತ್ತಾರೆ. ಕಿವಿಗೆ ಬಿದ್ದ ಹತ್ತು ಕಣ್ಣಿಗೆ ಕಂಡ ಹತ್ತಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ನಡುವಿನ ಯೋಚನೆ ನಡೆಯುವುದಿಲ್ಲ.

ಅರಳುಮರಳು ಎಂಬ ಮಾತನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಅದರಷ್ಟು ಸಲುಗೆಯ, ಅವಮಾನವಿಲ್ಲದ ಪದ ಇನ್ನೊಂದಿಲ್ಲ. ಕೂಸಿನಂತಾದ ತಂದೆತಾಯಿಯನ್ನು ಅಟ್ಟದೆ ಇಟ್ಟುಕೊಳ್ಳಲು ತಲೆಮಾರುಗಳಿಂದ ನೆರವಾದ ಪದವದು. ಗಾದೆಯ ‘ಅರವತ್ತಕ್ಕೆ’ಯನ್ನು ಮಾತ್ರ ಕಿತ್ತುಹಾಕಿ. ಮರೆವೆಲ್ಲ ಆಲ್ಜೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ನಿಂತದ್ದು, ಖಿನ್ನತೆ, ತೆಗೆದುಕೊಳ್ಳುತ್ತಿರುವ ಯಾವುದೋ ಮಾತ್ರೆ, ಇವೂ ಅರಳುಮರಳಿನ ವೇಷದಲ್ಲೇ ಬರುತ್ತವೆ ಮತ್ತು ಚಿಕಿತ್ಸೆಗೆ ಬಗ್ಗುತ್ತವೆ. ಹಾಲು ಮೊಸರೂ ಕಡಿಮೆ ಮಾಡಿದ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಕಿವಿ ಮಂದವಾಗಿ ಉತ್ತರ ತಪ್ಪಿದವರನ್ನೂ ಬುದ್ಧಿ ಮಂದ ಎಂದು ಮೂಲೆಗೆ ಕೂರಿಸುತ್ತೇವೆ. ಕಿವುಡು ಈ ಕಾಯಿಲೆಯ ಅಪಾಯ ಹೆಚ್ಚಿಸುವ, ಸರಿಪಡಿಸಬಹುದಾದ ಕಾರಣಗಳಲ್ಲೊಂದು ಎಂದು ಈಗ ಸ್ಪಷ್ಟವಾಗಿದೆ. ಆದ್ದರಿಂದ ಮನೆಯ ಹಿರಿಯರು ಕೆಲವು ತಿಂಗಳಿಂದ ಕೇಳಿದ್ದನ್ನೇ ಕೇಳುತ್ತಿದ್ದರೆ, ಗೊತ್ತಿದ್ದ ಕ್ರಾಸಿನಲ್ಲಿ ದಾರಿ ತಪ್ಪಿದರೆ, ಈ ವಾರವೇ ಒಂದು ರಕ್ತಪರೀಕ್ಷೆ ಮಾಡಿಸಿ, ಕಿವಿ ತೋರಿಸಿ, ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿಯನ್ನು ಇವತ್ತೇ ಇಡಿ.